ಇಂಗ್ಲಿಷ್ ವಿಭಾಗದ ಕನ್ನಡ ಸಹಿ

ನಮ್ಮ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಇಂಗ್ಲಿಷ್ ವಿಭಾಗಕ್ಕೆಂದು ಒಂದು ಪುಟವಿದೆ. ಅದರ ಬಲಗಡೆ 'ಸುದ್ದಿ ಸಮಾಚಾರ' ಎಂಬ ಮೂಲೆ. ಯಾರು ಎಲ್ಲಿ ಉಪನ್ಯಾಸ ಕೊಟ್ಟರು, ಯಾರಿಗೆ ಶಾಲು ಹೊದಿಸಿದರು, ಯಾವ ವಿಚಾರ ಸಂಕಿರಣ ಯಶಸ್ವಿಯಾಗಿ ಮುಗಿಯಿತು ಎಂಬುದನ್ನೆಲ್ಲ ಅಲ್ಲಿ ಬರೆಯುವವನು ನಾನು. ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಸೋತ ಕಾರ್ಯಕ್ರಮ ಒಂದೂ ಅಲ್ಲಿ ದಾಖಲಾಗಿಲ್ಲ. ಯಾರೂ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆದ ಬರವಣಿಗೆ ಅದು. ಆ ಧೈರ್ಯವೇ ನನಗೆ ಮುಳುವಾಯಿತು. ನನಗೆ ಎನ್ನುವುದು ತಪ್ಪು, ಫಕೀರಪ್ಪನವರಿಗೆ ಮತ್ತು ಅವರ ಮಗಳಿಗೆ.

ಫಕೀರಪ್ಪ ನಮ್ಮ ವಿಭಾಗದ ಜವಾನರು. ಮೂವತ್ತೊಂದು ವರ್ಷ ಅದೇ ಕೊಠಡಿಗಳ ಬೀಗ ತೆಗೆದು ಹಾಕಿದವರು. ವಯಸ್ಸಿನಲ್ಲಿ ನನಗಿಂತ ಹನ್ನೆರಡು ವರ್ಷ ಹಿರಿಯರು. ಅವರ ತಾಯಿ ಪಾರವ್ವ ಇಂಡಿ ಕಡೆಯಿಂದ ಪುಣೆಗೆ ಮಣ್ಣು ಹೊರುವ ಕೆಲಸಕ್ಕೆ ಬಂದಾಕೆ. ಪರ್ವತಿ ಗುಡ್ಡದ ಬುಡದ ವಸತಿಯಲ್ಲಿ ಗುಡಿಸಲು ಹಾಕಿಕೊಂಡು, ಮಗನನ್ನು ಅಲ್ಲೇ ಹತ್ತಿರದ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿಸಿದಳು. ಹೊರಗೆ ಫಕೀರಪ್ಪ ಮರಾಠಿಯವರಿಗಿಂತ ಚೆನ್ನಾಗಿ ಮರಾಠಿ ಆಡುತ್ತಿದ್ದರು. ನನ್ನೊಡನೆ ಮಾತ್ರ ಕನ್ನಡ. ನಾನು ಸ್ವಾರಗೇಟಿನ ಹತ್ತಿರ ಇಡ್ಲಿ ಹೋಟೆಲು ನಡೆಸಿದ ಉಡುಪಿ ಕಡೆಯವರ ಮಗ. ನನ್ನ ಕನ್ನಡ ಕೇಳಿ, 'ರಘುರಾಮ ಸರ್ ಪುಸ್ತಕ ಓದಿದಂಗ ಮಾತಾಡ್ತಾರ' ಎಂದು ನಗುತ್ತಿದ್ದರು.

ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಪುಣೆಯಲ್ಲಿ ಅವರಷ್ಟು ಇಂಗ್ಲಿಷ್ ಉಪನ್ಯಾಸ ಕೇಳಿದವರು ಇನ್ನೊಬ್ಬರಿರಲಾರರು. ಕೆಲಸಕ್ಕೆ ಸೇರಿದ ಮೊದಲ ವರ್ಷ ಹೊರಗಿನಿಂದ ಯಾರೋ ದೊಡ್ಡವರು ಮಾತಾಡಲು ಬಂದಾಗ ಸಭೆಯಲ್ಲಿ ಐದೇ ಜನರಿದ್ದರಂತೆ. ಆಗಿನ ಮುಖ್ಯಸ್ಥರು ಅವಮಾನ ತಪ್ಪಿಸಲು ಫಕೀರಪ್ಪನವರನ್ನು ಹಿಡಿದು ಕೊನೆಯ ಸಾಲಿನಲ್ಲಿ ಕೂರಿಸಿದರು. ಅಂದು ಕೂತವರು ಮತ್ತೆ ಏಳಲಿಲ್ಲ. ನೀರಿನ ಬಾಟಲಿ ಇಟ್ಟು, ಮೈಕಿನ ತಲೆಗೆ ಬೆರಳು ಬಡಿದು, ಬಾಗಿಲು ಮುಚ್ಚಿ, ಕೊನೆಯ ಸಾಲಿನ ಎಡತುದಿಯ ಕುರ್ಚಿಯಲ್ಲಿ ಕೂರುವುದು ಅವರ ಕೆಲಸದ ಭಾಗವೇ ಆಯಿತು. ಹಾಜರಿ ಪುಸ್ತಕ ಬಂದಾಗ ಸಹಿಯನ್ನೂ ಹಾಕುತ್ತಿದ್ದರು, ಕನ್ನಡದಲ್ಲಿ. ಸಾಲಾಗಿ ನಿಂತ ಇಂಗ್ಲಿಷ್ ಸಹಿಗಳ ಕೆಳಗೆ ದುಂಡಗೆ ಒಂದು ಕನ್ನಡ ಸಹಿ. ಮರಾಠಿಯಲ್ಲಾದರೂ ಮಾಡು ಎಂದು ಯಾರೋ ಹೇಳಿದ್ದಕ್ಕೆ, ನನ್ನ ಕೈಗೆ ಇದೊಂದೇ ರೂಢಿ ಎಂದು ಸುಮ್ಮನಾದರಂತೆ.

ಇನ್ನೂ ಒಂದು ವಿಷಯವಿತ್ತು. ನಾವೆಲ್ಲ ಸಹಿಯನ್ನು ಮೊದಲೇ ಮಾಡಿ, ಉಪನ್ಯಾಸಕರ ಪರಿಚಯ ಮುಗಿಯುವ ಹೊತ್ತಿಗೆ ಫೋನ್ ಬಂದವರಂತೆ ಎದ್ದುಹೋಗುವವರು. ಫಕೀರಪ್ಪ ವಂದನಾರ್ಪಣೆ ಮುಗಿದ ಮೇಲೆಯೇ ಸಹಿ ಮಾಡುತ್ತಿದ್ದರು. 'ಪೂರಾ ಕುಂತ ಮ್ಯಾಲ ಸಹಿರಿ ಸರ್' ಎನ್ನುತ್ತಿದ್ದರು. ಅದನ್ನು ನನಗೆ ಚುಚ್ಚಲು ಹೇಳುತ್ತಿದ್ದರೆಂದು ನಾನು ಬಹಳ ವರ್ಷ ಅಂದುಕೊಂಡಿದ್ದೆ. ಅವರಿಗೆ ಅಂಥ ಬುದ್ಧಿಯೇ ಇರಲಿಲ್ಲ.

ಅವರ ಮಗಳು ಮಾಧುರಿ. ಅಪ್ಪ ಕಸ ಗುಡಿಸುವ ವಿಭಾಗಕ್ಕೇ ಎಂ.ಎ. ಓದಲು ಬಂದಳು, ಮೊದಲ ದರ್ಜೆಯಲ್ಲಿ ಮುಗಿಸಿ ಪಿಎಚ್.ಡಿ.ಗೆ ಸೇರಿದಳು. ವಿಭಾಗದ ಒಳಗೆ ಅಪ್ಪನನ್ನು ಅಪ್ಪ ಎಂದೇ ಕರೆಯುತ್ತಿದ್ದಳು, ಅದೂ ಎಲ್ಲರಿಗೂ ಕೇಳುವ ಹಾಗೆ. ಅವಳ ಮಾರ್ಗದರ್ಶಕರು ನಮ್ಮ ವಿಭಾಗದ ಮುಖ್ಯಸ್ಥೆ ರಂಜನಾ ದಾತಾರ್. ಕೆಟ್ಟವರಲ್ಲ. ಮೂರು ಹುದ್ದೆ ಖಾಲಿ ಇರುವ ವಿಭಾಗವನ್ನು ಒಬ್ಬರೇ ಎಳೆಯುತ್ತ, ಯಾವ ಕಾಗದವನ್ನೂ ಪೂರ್ತಿ ಓದಲು ಪುರುಸೊತ್ತಿಲ್ಲದೆ ಬದುಕುತ್ತಿದ್ದ ಹೆಂಗಸು. ಮಾಧುರಿಯ ನಾಲ್ಕನೆಯ ಅಧ್ಯಾಯ ಅವರ ಮೇಲ್‌ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಬಿದ್ದಿತ್ತು. ಇವತ್ತು ಓದುತ್ತೇನೆ, ನಾಳೆ ಓದುತ್ತೇನೆ ಎನ್ನುತ್ತಲೇ ಇದ್ದರು.

ಆ ಅಧ್ಯಾಯದಲ್ಲಿ ಇದ್ದದ್ದು ಪಾರವ್ವನ ಅರ್ಜಿ. ಅರವತ್ತೊಂದರಲ್ಲಿ ಪಾನಶೆತ್ ಅಣೆಕಟ್ಟು ಒಡೆದು ಪುಣೆಯ ಅರ್ಧ ಊರಿಗೆ ನೀರು ನುಗ್ಗಿದಾಗ, ಮನೆಮಠ ಕಳೆದುಕೊಂಡವರು ಕಚೇರಿಯ ಮುಂದೆ ಕೂರುತ್ತಿದ್ದ ಟೈಪಿಸ್ಟರ ಕೈಯಲ್ಲಿ ಇಂಗ್ಲಿಷಿನಲ್ಲಿ ಅರ್ಜಿ ಬರೆಸುತ್ತಿದ್ದರು. ಆಗ ನದಿ ದಂಡೆಯಲ್ಲಿದ್ದ ಪಾರವ್ವನಿಗೆ ಇಪ್ಪತ್ತು ವರ್ಷ. ಅವಳ ಅರ್ಜಿಯ ಕಾರ್ಬನ್ ಪ್ರತಿ ಇಂದಿಗೂ ಫಕೀರಪ್ಪನವರ ಮನೆಯ ಟ್ರಂಕಿನಲ್ಲಿದೆ. ಮೇಲೆಲ್ಲ ಅತ್ಯಂತ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವ ಇಂಗ್ಲಿಷ್. ಅದು ಟೈಪಿಸ್ಟನದು. ಕಳೆದುಹೋದ ಸಾಮಾನಿನ ಪಟ್ಟಿ ಬಂದಾಗ ಅವನು 'ಗೃಹೋಪಯೋಗಿ ವಸ್ತುಗಳು' ಎಂದು ಒಂದೇ ಮಾತಿನಲ್ಲಿ ಮುಗಿಸಲು ಹೊರಟನಂತೆ. ಪಾರವ್ವ ಬಿಡಲಿಲ್ಲ. ಗಂಗಾಳ ಎರಡು, ತಂಬಿಗಿ ಒಂದು, ಕೌದಿ ಮೂರು, ಬೀಸುಕಲ್ಲಿನ ಗೂಟ ಒಂದು, ತೊಟ್ಟಿಲ ಹಗ್ಗ ಒಂದು. ಅವಕ್ಕೆ ಅವನಿಗೆ ಇಂಗ್ಲಿಷ್ ಸಿಗಲಿಲ್ಲ, ಅವಳ ಮಾತುಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಗೆಯೇ ಬಡಿದ. ಇಂಥ ನೂರಾರು ಅರ್ಜಿಗಳನ್ನು ಹುಡುಕಿ ಓದಿದ ಮಾಧುರಿ ಹೇಳುತ್ತಿದ್ದದ್ದು ಇಷ್ಟು: ಇಂಗ್ಲಿಷ್ ಅರ್ಜಿಯಲ್ಲಿ ಅರ್ಜಿ ಹಾಕಿದವರು ಎಲ್ಲೂ ಇರುವುದಿಲ್ಲ, ಇಂಗ್ಲಿಷ್ ಕೈಚೆಲ್ಲಿದ ಜಾಗದಲ್ಲಿ ಮಾತ್ರ ಸಿಗುತ್ತಾರೆ.

ಇದೆಲ್ಲ ನನಗೆ ಆಗಲೇ ಗೊತ್ತಿತ್ತು ಎಂದು ತಿಳಿಯಬೇಡಿ. ಗೊತ್ತಿರಬೇಕಿತ್ತು. ಎರಡು ವರ್ಷದ ಹಿಂದಿನ ಜುಲೈಯಲ್ಲಿ ಮಾಧುರಿ ಪ್ರಬಂಧ ಸಲ್ಲಿಸುವ ಮುನ್ನ ವಿಭಾಗದ ಎದುರು ಕೊಡಬೇಕಾದ ಸೆಮಿನಾರ್ ಇತ್ತು. ನಾನು ಆ ದಿನ ಹಿಂಜವಾಡಿಯ ಕಂಪನಿಯೊಂದರಲ್ಲಿ ಹುಡುಗರಿಗೆ ಸಂಭಾಷಣಾ ಕೌಶಲ ಕಲಿಸಲು ಹೋಗಿ, ವಾಪಸು ಬರುವಾಗ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕೂತಿದ್ದೆ. ಮಿಕ್ಕವರಿಗೆ ಮಳೆ ಅಡ್ಡ ಬಂತು. ರಂಜನಾ ಅವರು ಹತ್ತು ನಿಮಿಷ ಕೂತು, ಕುಲಪತಿಗಳ ಕರೆ ಬಂತೆಂದು ಎದ್ದರು, ನೀನು ಮುಂದುವರಿಸು ಎಂದು ಹೇಳಿ ಹೋದರು. ಮಾಧುರಿ ಮುಂದುವರಿಸಿದಳು. ನಲವತ್ತು ನಿಮಿಷ, ಖಾಲಿ ಕುರ್ಚಿಗಳಿಗೆ, ಕೊನೆಯ ಸಾಲಿನಲ್ಲಿ ಅಪ್ಪ.

ಅವರಿಗೆ ಆ ದಿನ ಪ್ರತಿಯೊಂದು ಮಾತೂ ಅರ್ಥವಾಗಿತ್ತು. ಹಿಂದಿನ ಭಾನುವಾರ ಮಧ್ಯಾಹ್ನ ಮಗಳು ಮನೆಯ ಮಾಳಿಗೆಯ ಮೇಲೆ ನಿಂತು ಅಷ್ಟನ್ನೂ ಅವರಿಗೆ ಕನ್ನಡದಲ್ಲಿ ಹೇಳಿ ತೋರಿಸಿದ್ದಳು. ಮೂವತ್ತು ವರ್ಷದಲ್ಲಿ ಅವರು ತಿಳಿದು ಕೇಳಿದ ಉಪನ್ಯಾಸ ಅದೊಂದೇ. ಅದರ ಮಾರನೆಯ ದಿನ ನಾವೆಲ್ಲ ಒಬ್ಬೊಬ್ಬರಾಗಿ ಬಂದು ಸೆಮಿನಾರಿನ ಹಾಜರಿ ಪುಸ್ತಕಕ್ಕೆ ಸಹಿ ಮಾಡಿದೆವು. ನನ್ನ ಸಹಿ ಮೂರನೆಯದು. 'ಚರ್ಚೆ ಉತ್ಸಾಹದಿಂದ ನಡೆಯಿತು' ಎಂದು ಸುದ್ದಿ ಪುಟದಲ್ಲಿ ಬರೆದವನೂ ನಾನೇ.

ಡಿಸೆಂಬರಿನಲ್ಲಿ ಮೌಲ್ಯಮಾಪನ ತಂಡದ ಸುದ್ದಿ ಬಂತು. ಹೊರಗಿನ ವಿಶ್ವವಿದ್ಯಾಲಯಗಳ ಹಿರಿಯರು ಬಂದು, ಪ್ರತಿ ವಿಭಾಗದ ಕೆಲಸ ನೋಡಿ ದರ್ಜೆ ಕೊಡುವ ತಂಡ. ದರ್ಜೆ ಇಳಿದರೆ ಪ್ರತ್ಯೇಕ ವಿಭಾಗವನ್ನು ಮುಚ್ಚಿ ಭಾಷಾ ಶಾಲೆಯೊಳಗೆ ಸೇರಿಸಿಬಿಡುತ್ತೇವೆ ಎಂದು ಮೇಲಿನವರು ರಂಜನಾ ಅವರಿಗೆ ಹೇಳಿದ್ದರು. ಹಿಂದಿನ ಶೈಕ್ಷಣಿಕ ವರ್ಷದ ಕಾರ್ಯಕ್ರಮಗಳನ್ನು ಎಣಿಸಿದರೆ ಏಳು ಕಡಿಮೆ ಬಿದ್ದವು. ಆಮೇಲೆ ನಾವು ಮಾಡಿದ್ದನ್ನು ಈ ದೇಶದ ಯಾವ ಅಧ್ಯಾಪಕನಿಗೂ ಬಿಡಿಸಿ ಹೇಳಬೇಕಾಗಿಲ್ಲ, ಮಿಕ್ಕವರಿಗೆ ಹೇಳುತ್ತೇನೆ. ಒಂದು ಮಧ್ಯಾಹ್ನ ಏಳು ಬ್ಯಾನರ್ ಮಾಡಿಸಿ ತಂದೆವು. ಅದೇ ಸಭಾಂಗಣ, ಅದೇ ನಲವತ್ತು ವಿದ್ಯಾರ್ಥಿಗಳು. ಒಂದು ಬ್ಯಾನರ್ ಕಟ್ಟಿ ಫೋಟೊ, ಅದನ್ನು ಬಿಚ್ಚಿ ಇನ್ನೊಂದು ಕಟ್ಟಿ ಫೋಟೊ. ಹುಡುಗಿಯರು ದುಪಟ್ಟಾ ಬದಲಿಸಿಕೊಂಡರು. ನಾನು ಮೂರು ಕೋಟು ಹಾಕಿದೆ, ಅದರಲ್ಲಿ ಎರಡು ಎರವಲು ತಂದವು. ಏಣಿ ಹತ್ತಿ ಏಳು ಸಲ ಕಟ್ಟಿ ಏಳು ಸಲ ಬಿಚ್ಚಿದವರು ಫಕೀರಪ್ಪ.

ಆ ಏಳರಲ್ಲಿ ಒಂದು, ನಾಗಪುರದ ಪ್ರೊಫೆಸರ್ ಪೃಥ್ವಿರಾಜ್ ನಿಂಬಾಳ್ಕರ್ ಅವರ 'ಭಾಷೆ ಮತ್ತು ದಾಖಲೆ' ಎಂಬ ಉಪನ್ಯಾಸ. ಅವರನ್ನು ನಿಜಕ್ಕೂ ಫೆಬ್ರವರಿಯಲ್ಲಿ ಕರೆದಿದ್ದೆವು, ಒಪ್ಪಿದ್ದರು, ಜ್ವರ ಬಂದು ಬರಲಿಲ್ಲ. ಒಪ್ಪಿಗೆಯ ಪತ್ರ ನಮ್ಮಲ್ಲಿತ್ತು, ಎಂದೋ ಬಂದಾಗ ತೆಗೆದ ಫೋಟೊ ಕೂಡ ಇತ್ತು. ಇಷ್ಟು ಸಾಕಾಯಿತು.

ಸಹಿಗಳು ತೊಂದರೆಯಾಗಲಿಲ್ಲ. ನಮ್ಮ ಸಹಿಗೇನು, ಹಾಕಿದೆವು. ಆದರೆ ಹಳೆಯ ಹಾಜರಿ ಪುಟಗಳಲ್ಲೆಲ್ಲ ಕೊನೆಗೆ ಆ ಕನ್ನಡ ಸಹಿ ಇರುತ್ತಿತ್ತು. ಈ ಏಳರಲ್ಲಿ ಇಲ್ಲದಿದ್ದರೆ ಎದ್ದು ಕಾಣುತ್ತಿತ್ತು. ರಂಜನಾ ಅವರು ಫಕೀರಪ್ಪನವರನ್ನು ಕರೆದು ಪೆನ್ನು ಕೊಟ್ಟರು. ಫಕೀರಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು. ಮೇಡಮ್ಮಿಗೆ ಮರಾಠಿಯಲ್ಲಿ ಏನೂ ಹೇಳದೆ ನನ್ನ ಕಡೆ ತಿರುಗಿದರು.

"ನಾ ಕುಂತಿಲ್ಲಲ್ರಿ ಸರ್ ಇದಕ್ಕ. ಹೆಂಗ್ ಮಾಡ್ಲಿ?"

ನಾನು ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ. ಎಲ್ಲರೂ ಮಾಡಿದ್ದಾರೆ, ವಿಭಾಗದ ಮರ್ಯಾದೆಯ ಪ್ರಶ್ನೆ ಎಂದೆ. ಯಾರೂ ಮಾಧುರಿಯ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ. ಮೇಜಿನ ಮೇಲೆ ಅವಳ ಪ್ರಬಂಧದ ಮೊದಲ ಮೂರು ಅಧ್ಯಾಯಗಳು ಮೇಡಮ್ಮಿನ ಕನ್ನಡಕದ ಕೆಳಗೆ ಇದ್ದವು, ಫಕೀರಪ್ಪ ಅವನ್ನು ನೋಡಿದರು. ಆಮೇಲೆ ಏಳೂ ಕಡೆ ಸಹಿ ಮಾಡಿದರು. ಒಂದೊಂದು ಅಕ್ಷರವನ್ನೂ ಶಾಲೆಯ ಹುಡುಗ ಬರೆಯುವಷ್ಟು ನಿಧಾನವಾಗಿ ಬರೆದರು.

ಜನವರಿಯಲ್ಲಿ ತಂಡ ಬಂತು. ಅದರಲ್ಲಿ ಮೈಸೂರು ಕಡೆಯ ಹಿರಿಯ ಪ್ರಾಧ್ಯಾಪಕರೊಬ್ಬರಿದ್ದರು. ಹಾಜರಿ ಪುಟಗಳನ್ನು ತಿರುವುತ್ತ ಕನ್ನಡ ಅಕ್ಷರ ಕಂಡು ಅವರ ಮುಖ ಅರಳಿತು. ಇದು ಯಾರು ಎಂದರು. ಬಾಗಿಲ ಬಳಿ ಟ್ರೇ ಹಿಡಿದು ನಿಂತಿದ್ದ ಫಕೀರಪ್ಪನವರನ್ನು ತೋರಿಸಿದೆವು. ಅವರಿಗೆ ಸಂಶಯವೇನೂ ಬಂದಿರಲಿಲ್ಲ, ಬಂದದ್ದು ಪ್ರೀತಿ. ಬಹಳ ದಿನಕ್ಕೆ ಕನ್ನಡದ ಮುಖ ಸಿಕ್ಕ ಖುಷಿ. ಇಷ್ಟೆಲ್ಲ ಉಪನ್ಯಾಸ ಕೇಳಿದ್ದೀರಲ್ಲ, ಏನಾದರೂ ತಲೆಗೆ ಹೋಯಿತೇ ಎಂದು ನಗುತ್ತ, ಕೈಯಲ್ಲಿ ತೆರೆದಿದ್ದ ಪುಟ ನೋಡಿ, ಇವರು ಏನು ಹೇಳಿದರು, ಈ ನಿಂಬಾಳ್ಕರ್, ಸ್ವಲ್ಪ ಹೇಳಿ ನೋಡೋಣ ಎಂದರು.

ರಂಜನಾ ಅವರಿಗೆ ಕನ್ನಡ ಬಾರದು, ಆದರೆ ನಿಂಬಾಳ್ಕರ್ ಎಂಬ ಹೆಸರು ಕೇಳಿ ನನ್ನ ಮುಖ ನೋಡಿದರು. ಮರೆತುಹೋಯಿತು ಎಂದು ಫಕೀರಪ್ಪ ಹೇಳಿದರೆ ಸಾಕಿತ್ತು. ಇಂಗ್ಲಿಷ್ ಬಾರದ ಜವಾನ, ಯಾರು ಏನೆನ್ನುತ್ತಿದ್ದರು? ಆದರೆ ಮನುಷ್ಯ ಹೆದರಿದ್ದರು. ಸಹಿ ಮಾಡಿ ಸಿಕ್ಕಿಬಿದ್ದೆ ಎಂದೇ ಅವರು ತಿಳಿದರು. ಟ್ರೇಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು, ಕೈ ಒರೆಸಿಕೊಂಡರು, ತಮಗೆ ಗೊತ್ತಿದ್ದ ಒಂದೇ ಉಪನ್ಯಾಸವನ್ನು ಹೇಳತೊಡಗಿದರು.

"ಒಬ್ಬಾಕಿ ಹೆಣ್ಮಗಳು ಅರ್ಜಿ ಬರಸಾಕ ಹೋಗಿದ್ದಳ್ರಿ," ಎಂದು ಶುರು ಮಾಡಿದರು.

ಹತ್ತು ನಿಮಿಷ ಮಾತಾಡಿದರು. ಹೊಳೆ ಬಂದದ್ದು, ಟೈಪಿಸ್ಟ್ ಅವಸರ ಮಾಡಿದ್ದು, ಗಂಗಾಳ ತಂಬಿಗಿ ಕೌದಿ, ತೊಟ್ಟಿಲು ಉಳಿದು ಅದರ ಹಗ್ಗ ಹೋದದ್ದು. ಇಂಗ್ಲಿಷಿಗೆ ಬಾಯಿ ಕಟ್ಟಿದಲ್ಲಿ ಆ ಹೆಣ್ಣುಮಗಳು ಬಾಯಿ ತೆರೆದದ್ದು. ಆಕೆ ತನ್ನ ತಾಯಿ ಎಂದು ಮಾತ್ರ ಹೇಳಲಿಲ್ಲ. ಮೈಸೂರಿನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ತಂಡದ ಮುಖ್ಯಸ್ಥರಿಗೆ ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಜವಾನರಿಗೂ ತಲುಪುವಂಥ ಉಪನ್ಯಾಸ ಏರ್ಪಡಿಸುವ ವಿಭಾಗವನ್ನು ಎಲ್ಲೂ ಕಂಡಿಲ್ಲ ಎಂದರು. ಆ ಇಂಗ್ಲಿಷನ್ನು ರಂಜನಾ ಅವರೂ ಕೇಳಿದರು. ಅದು ತಮ್ಮ ವಿದ್ಯಾರ್ಥಿನಿಯ ನಾಲ್ಕನೆಯ ಅಧ್ಯಾಯ ಎಂದು ಅವರಿಗೆ ಹೊಳೆಯಲಿಲ್ಲ. ಹೊಳೆಯುವುದು ಹೇಗೆ, ಓದಿದ್ದರಲ್ಲವೇ? ನನಗೂ ಹೊಳೆಯಲಿಲ್ಲ, ಸೆಮಿನಾರಿಗೆ ಹೋಗಿದ್ದರಲ್ಲವೇ? ನಿಂಬಾಳ್ಕರ್ ಬರಲಿಲ್ಲವೆಂದು ಗೊತ್ತಿದ್ದ ನಾನು, ಫಕೀರಪ್ಪ ತಮ್ಮ ಮನೆಯ ಯಾವುದೋ ಹಳೆಯ ಕಥೆ ಹೇಳಿ ನಮ್ಮ ಮಾನ ಉಳಿಸಿದರು ಎಂದು ಉಸಿರುಬಿಟ್ಟೆ.

ಈ ಉಪನ್ಯಾಸದ ವರದಿ ಜಾಲತಾಣದಲ್ಲಿ ಇದೆಯೇ ಎಂದು ತಂಡದವರು ಕೇಳಿದರು. ಇನ್ನೂ ಏರಿಸಬೇಕು ಎಂದೆ. ಸಂಜೆಯೊಳಗೆ ಕೊಂಡಿ ಕಳಿಸಿ, ವರದಿಗೆ ಸೇರಿಸುತ್ತೇವೆ ಎಂದರು. ನಾನು ಕೂತು ಇಂಗ್ಲಿಷಿನಲ್ಲಿ ಬರೆದೆ. ಅದು ನನ್ನ ಹನ್ನೊಂದು ವರ್ಷದ ಅತ್ಯುತ್ತಮ ಬರಹ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಫಕೀರಪ್ಪ ಹೇಳಿದ ಪಟ್ಟಿಯನ್ನು ಒಂದು ಹಗ್ಗವನ್ನೂ ಬಿಡದೆ ಇಳಿಸಿದೆ. ಮೇಲೆ ನಿಂಬಾಳ್ಕರ್ ಅವರ ಹೆಸರು, ಅವರ ಹಳೆಯ ಫೋಟೊ, ಹಿಂದಿನ ಫೆಬ್ರವರಿಯ ತಾರೀಖು. ಅಂದರೆ ಮಾಧುರಿಯ ಸೆಮಿನಾರಿಗಿಂತ ಐದು ತಿಂಗಳು ಮೊದಲು. ನಮಗೆ ಒಳ್ಳೆಯ ದರ್ಜೆ ಬಂತು. ಪೇಢೆ ಹಂಚಿದೆವು.

ಏಪ್ರಿಲಿನಲ್ಲಿ ಮಾಧುರಿ ಪ್ರಬಂಧವನ್ನು ಗ್ರಂಥಾಲಯಕ್ಕೆ ಕೊಟ್ಟಳು. ಅಲ್ಲಿ ನಕಲು ಹಿಡಿಯುವ ಸಾಫ್ಟ್‌ವೇರ್ ಇದೆ, ಮಾತು ಬದಲಾಗಿದ್ದರೂ ಸರಕು ಒಂದೇ ಆದರೆ ಅದು ಹಿಡಿಯುತ್ತದೆ. ಎಲ್ಲರ ಪ್ರಬಂಧವನ್ನೂ ಅದರೊಳಗೆ ಹಾಕಿ ತೆಗೆಯುತ್ತಾರೆ. ಎರಡು ದಿನದ ಮೇಲೆ ಅವಳು ನನ್ನ ಕೋಣೆಗೆ ಬಂದು ಒಂದು ಹಾಳೆ ಮೇಜಿನ ಮೇಲಿಟ್ಟಳು. ನಾಲ್ಕನೆಯ ಅಧ್ಯಾಯದ ಜೀವದಂಥ ಒಂದೂವರೆ ಪುಟ ಕೆಂಪಾಗಿತ್ತು. ಮೂಲ ಎಂಬಲ್ಲಿ ನಮ್ಮದೇ ವಿಭಾಗದ ಸುದ್ದಿ ಪುಟದ ವಿಳಾಸ.

"ಇದನ್ನ ಯಾರ್ ಬರದ್ರು ಸರ್?" ಎಂದಳು.

ನಾನು ಎಂದೆ. ಹೇಳಿದ್ದು ಅವಳ ಅಪ್ಪ ಎಂದೂ ಹೇಳಿದೆ. ಆ ದಿನ ಕೋಣೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ, ಏಳು ಸಹಿಯ ವಿಷಯವನ್ನೂ ಹೇಳಿದೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ಆ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು, ಅಪ್ಪ ಏನಾದರೂ ಬಿಟ್ಟಿದ್ದಾರೆಯೇ ಎಂದು ನೋಡುವವಳ ಹಾಗೆ.

ನಾನು ಪುಟ ತೆಗೆದುಹಾಕುತ್ತೇನೆ ಎಂದೆ. ಅದರ ಕೊಂಡಿ ಮೌಲ್ಯಮಾಪನದ ವರದಿಯಲ್ಲಿ ಅಚ್ಚಾಗಿತ್ತು. ತೆಗೆದರೆ ಕೇಳುತ್ತಾರೆ. ನಿಂಬಾಳ್ಕರ್ ಬರಲೇ ಇಲ್ಲ ಎಂದು ಒಪ್ಪಿಕೊಂಡರೆ ವಿಚಾರಣೆ. ವಿಚಾರಣೆಯಾದರೆ ಮೊದಲು ಕರೆಯುವುದು, ಆ ಉಪನ್ಯಾಸ ಕೇಳಿದೆ ಎಂದು ತಂಡದ ಎದುರು ಬಾಯಿಬಿಟ್ಟು ಹೇಳಿದ ಒಬ್ಬನೇ ಮನುಷ್ಯನನ್ನು. ನವೆಂಬರಿಗೆ ಅವರ ನಿವೃತ್ತಿ. ಪ್ರೊಫೆಸರರು ಪಾರಾಗುತ್ತಾರೆ, ಜವಾನನ ಪಿಂಚಣಿ ನಿಲ್ಲುತ್ತದೆ. ಅಷ್ಟು ನಾನೂ ಕಂಡಿದ್ದೇನೆ, ಅವಳೂ ಕಂಡಿದ್ದಳು. ನಾನೇ ಹೋಗಿ ಹೇಳುತ್ತೇನೆ, ಎಲ್ಲ ನನ್ನ ಮೇಲೆ ಹಾಕಿಕೊಳ್ಳುತ್ತೇನೆ ಎಂದೂ ಅಂದೆ. ಅಂದೆ, ಅಷ್ಟೇ. ಕುರ್ಚಿಯಿಂದ ಎದ್ದಿರಲಿಲ್ಲ. ಅವಳು ಅದನ್ನು ಗಮನಿಸಿದಳು.

"ಬ್ಯಾಡ್ರಿ ಸರ್. ಫುಟ್‌ನೋಟ್ ಹಾಕ್ತೀನಿ."

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ನಕಲು ಎನ್ನಿಸಿಕೊಳ್ಳದಿರಲು ಇದ್ದದ್ದು ಅದೊಂದೇ ದಾರಿ. ಮೂಲವನ್ನು ಒಪ್ಪಿಕೊಳ್ಳುವುದು. ಈ ವಿಚಾರವನ್ನು ಮೊದಲು ಹೇಳಿದವರು ಪ್ರೊಫೆಸರ್ ನಿಂಬಾಳ್ಕರ್, ಈ ಅರ್ಜಿಯನ್ನು ಮೊದಲು ಗುರುತಿಸಿದವರೂ ಅವರೇ, ಇಂಥ ದಿನದ ಅವರ ಉಪನ್ಯಾಸ ನೋಡಿ ಎಂದು ಅಡಿಟಿಪ್ಪಣಿ. ಹಾಗೆ ಬರೆದರೆ ಪಾರವ್ವನ ಹೆಸರು ಇಡುವಂತಿರಲಿಲ್ಲ. ನಾಗಪುರದವರ ಕೈಗೆ ಇವಳ ಅಜ್ಜಿಯ ಟ್ರಂಕಿನ ಕಾಗದ ಹೇಗೆ ಹೋಯಿತು ಎಂದು ಯಾರಾದರೂ ಕೇಳುತ್ತಾರೆ. 'ಹೆಸರು ತಿಳಿಯದ ಒಬ್ಬ ಮಹಿಳೆ' ಎಂದು ತಿದ್ದಬೇಕು, ಹದಿನಾಲ್ಕು ಕಡೆ. ಅವಳು ನನ್ನ ಮುಂದೆಯೇ ಎಣಿಸಿದಳು. ಹೋಗುವಾಗ, ಅಪ್ಪನಿಗೆ ಇದು ತಿಳಿಯಬಾರದು ಎಂದಳು. ಅವರು ಇಂಗ್ಲಿಷ್ ಓದುವುದಿಲ್ಲ, ಹೇಗೂ ತಿಳಿಯುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಎಂಥ ಸಮಾಧಾನ.

ಮೌಖಿಕ ಪರೀಕ್ಷೆ ನವೆಂಬರಿನ ಮೂರನೆಯ ವಾರ ನಡೆಯಿತು. ಫಕೀರಪ್ಪನವರ ನಿವೃತ್ತಿಗೆ ಒಂಬತ್ತು ದಿನವಿತ್ತು. ಈ ಸಲ ಎಲ್ಲರೂ ಬಂದಿದ್ದರು. ಜವಾನನ ಮಗಳು ಡಾಕ್ಟರಾಗುವುದನ್ನು ನೋಡಲು, ಫೋಟೊ ತೆಗೆಸಿಕೊಳ್ಳಲು. ನಾನೂ ಮೊದಲಿನಿಂದ ಕೊನೆಯವರೆಗೆ ಕೂತಿದ್ದೆ. ಫಕೀರಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ನೀರಿನ ಬಾಟಲಿ ಇಟ್ಟು, ಮೈಕಿಗೆ ಬೆರಳು ಬಡಿದು, ತಮ್ಮ ಕುರ್ಚಿಗೆ ಹೋದರು.

ಮಾಧುರಿ ಚೆನ್ನಾಗಿ ಮಾತಾಡಿದಳು. ಹೈದರಾಬಾದಿನಿಂದ ಬಂದಿದ್ದ ಪರೀಕ್ಷಕರು ಮೆಚ್ಚಿದರು. ಪ್ರಬಂಧದಲ್ಲಿ ತಮಗೆ ಎಲ್ಲಕ್ಕಿಂತ ಹಿಡಿಸಿದ್ದು ನಾಲ್ಕನೆಯ ಅಧ್ಯಾಯದ ಆ ಒಳನೋಟ, ಅದು ನಿಂಬಾಳ್ಕರ್ ಅವರದೇ ಆದರೂ ಅಭ್ಯರ್ಥಿ ಅದನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡು ಬೆಳೆಸಿದ್ದಾರೆ ಎಂದರು. ಪ್ರಾಮಾಣಿಕವಾಗಿ ಎಂದೇ ಹೇಳಿದರು. ಆಮೇಲೆ, ಆ ಅರ್ಜಿಯ ಮೂಲ ಪ್ರತಿ ಎಲ್ಲಿದೆ, ಆ ಹೆಂಗಸು ಯಾರು, ಗೊತ್ತಾಗಿದೆಯೇ ಎಂದು ಕೇಳಿದರು. ಮಾಧುರಿ ಕೊನೆಯ ಸಾಲಿನ ಕಡೆ ನೋಡಲಿಲ್ಲ. ಗೊತ್ತಾಗಿಲ್ಲ ಸರ್ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಚಪ್ಪಾಳೆ ಬಿತ್ತು. ರಂಜನಾ ಅವರು ಅವಳನ್ನು ಅಪ್ಪಿಕೊಂಡರು, ಅವರ ಕಣ್ಣಲ್ಲಿ ನಿಜವಾದ ನೀರಿತ್ತು.

ಎಲ್ಲರೂ ಚಹಾಕ್ಕೆ ಹೊರಟ ಮೇಲೆ ನಾನು ಹಾಜರಿ ಪುಸ್ತಕ ಹಿಡಿದು ಮೇಜಿನ ಬಳಿ ನಿಂತಿದ್ದೆ. ಫಕೀರಪ್ಪ ಎದ್ದು ಬಂದರು. ಮುಖದಲ್ಲಿ ನಗುವಿರಲಿಲ್ಲ.

"ನಮ್ಮವ್ವನ ಹೆಸರು ಬರಲೇ ಇಲ್ಲಲ್ರಿ ಸರ್," ಎಂದರು. "ಅವತ್ತ ಮಾಳಗಿ ಮ್ಯಾಲ ಭಾಳ ಸರ್ತೆ ಬಂದಿತ್ತು. ಸೆಮಿನಾರದಾಗೂ ಬಂದಿತ್ತು. ನನಗ ಇಂಗ್ಲೀಷ್ ತಿಳಿಯಂಗಿಲ್ಲ, ಹೆಸರು ತಿಳೀತದಲ್ರಿ. ಇವತ್ತ ಆ ನಿಂಬಾಳ್ಕರ್ ಸಾಹೇಬ್ರ ಹೆಸರೇ ಬಂತು, ಆರು ಸರ್ತೆ."

ನಾನು ಪುಸ್ತಕದ ಪುಟ ಸರಿಮಾಡುವ ನೆಪ ಮಾಡಿದೆ.

"ಅವತ್ತ ನಾ ಹೇಳಿದ್ದನ್ನ ನೀವು ಬರದು ಹಾಕಿದ್ರೇನ್ರಿ, ಅವರ ಹೆಸರಿಲೆ?"

ಹೌದು ಎಂದೆ. ಅದಕ್ಕಿಂತ ಹೆಚ್ಚು ಹೇಳಬೇಕಾಗಿ ಬರಲಿಲ್ಲ. ಮೂವತ್ತೊಂದು ವರ್ಷ ವಿಶ್ವವಿದ್ಯಾಲಯದಲ್ಲಿದ್ದ ಮನುಷ್ಯ, ಮುಂದಿನದನ್ನು ತಾವೇ ಒಂದಕ್ಕೊಂದು ಜೋಡಿಸಿಕೊಂಡರು. ಮೇಜಿನ ಅಂಚು ಹಿಡಿದು ನಿಂತರು. ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಕೇಳಿದ್ದು ಒಂದೇ ಮಾತು, ಅಕಿಗೆ ಗೊತ್ತದ ಏನ್ರಿ ಎಂದು. ಏಪ್ರಿಲಿನಿಂದ ಗೊತ್ತಿದೆ ಎಂದೆ. ಏಪ್ರಿಲಿನಿಂದ ಎಂದು ಅವರೂ ಮೆಲ್ಲಗೆ ಅಂದುಕೊಂಡರು. ಏಳು ತಿಂಗಳು ಒಂದೇ ಮನೆಯಲ್ಲಿ ಎದುರು ಬದುರು ಕೂತು ಊಟ ಮಾಡಿದ್ದರು.

ಆಮೇಲೆ ಪೆನ್ನು ಕೇಳಿದರು. ಕೊಟ್ಟೆ. ಬಗ್ಗಿ, ಕೊನೆಯ ಸಹಿಯ ಕೆಳಗೆ ನಿಧಾನವಾಗಿ ಬರೆದರು, ಪೆನ್ನು ಮುಚ್ಚಿ ಕೊಟ್ಟರು, ಚಹಾದ ಕಪ್ಪು ಸಾಲದೆ ಹೋದಾವು ಎಂದು ಹೊರಗೆ ನಡೆದರು. ನಾನು ಪುಟ ನೋಡಿದೆ. ಅವರ ಹೆಸರು ಅಲ್ಲಿರಲಿಲ್ಲ. ಅದೇ ದುಂಡು ಅಕ್ಷರದಲ್ಲಿ 'ಪಾರವ್ವ' ಎಂದಿತ್ತು.

ಆ ಅಪ್ಪ ಮಗಳನ್ನು ಬಿಟ್ಟರೆ ಕನ್ನಡ ಓದಬಲ್ಲವನು ವಿಭಾಗದಲ್ಲಿ ನಾನೊಬ್ಬನೇ. ಸ್ವಲ್ಪ ಹೊತ್ತಿಗೆ ರಂಜನಾ ಅವರು ಬಂದು, ಎಲ್ಲರ ಸಹಿ ಆಯಿತೇ ಎಂದು ಪುಟದ ಮೇಲೆ ಕಣ್ಣಾಡಿಸಿ, ಕೆಳಗಿನ ಕನ್ನಡವನ್ನು ಬೆರಳಿನಿಂದ ಮುಟ್ಟಿ, ಫಕೀರಪ್ಪನದೂ ಆಗಿದೆಯಲ್ಲ ಎಂದು ತಮ್ಮ ಸಹಿ, ಮೊಹರು ಹಾಕಿದರು. ಸತ್ತು ಹದಿನೆಂಟು ವರ್ಷವಾದ ಹೆಂಗಸಿನ ಹಾಜರಿ ಅದು. ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡದೆ ಇರುವುದು ನನಗೆ ಹೊಸದೇನಲ್ಲ, ಆದರೆ ಅಂದಿನದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಪರೀಕ್ಷೆಯ ವರದಿಯೊಡನೆ ಹಾಜರಿ ಪುಟದ ಒಂದು ಪ್ರತಿಯನ್ನು ಕಚೇರಿಗೆ ಕೊಡಬೇಕು. ಅದನ್ನು ಒಯ್ಯಲು ಮಾಧುರಿ ಬಂದಳು, ಕೊರಳಲ್ಲಿ ಹಾರವಿತ್ತು. ಪುಟದ ಕೆಳತುದಿಗೆ ಬಂದಾಗ ಅವಳ ಕಣ್ಣು ನಿಂತಿತು. ಬಾಗಿಲಾಚೆ ಫಕೀರಪ್ಪ ಪರೀಕ್ಷಕರಿಗೆ ಚಹಾ ಕೊಡುತ್ತಿದ್ದರು, ನಮ್ಮ ಕಡೆ ಬೆನ್ನು. ಅವಳು ಆ ಬೆನ್ನನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಝೆರಾಕ್ಸ್ ಯಂತ್ರಕ್ಕೆ ಹಾಳೆ ಹಾಕಿದೆ.

"ಎರಡು ತೆಗೀರಿ ಸರ್," ಎಂದಳು. "ಒಂದು ಟ್ರಂಕಿನಾಗ ಇಡ್ತೀನಿ."